ಹಿಮಾಲಯಕ್ಕೆ ಮುಂಚೆ ಅಮೃತೂರು

ದುಡಿಯುತ್ತಲೇ ಲೋಕ ಸುತ್ತಬಹುದು ಎಂಬ ಮಹಾಸತ್ಯ ನನಗೆ ಹೊಳೆದದ್ದು ಒಂದು ಭಾನುವಾರ, ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಬಟ್ಟೆ ಒಣಗಿಹಾಕುತ್ತಿದ್ದಾಗ. ದೊಡ್ಡವರಿಗೆ ಮರದ ಕೆಳಗೆ ಜ್ಞಾನೋದಯವಾಗುತ್ತದೆ. ನನಗೆ ಹಗ್ಗದ ಕೆಳಗೆ ಆಯಿತು.

ನನಗೆ ಅಲೆದಾಟದ ಹುಚ್ಚು. ಮೂರು ದಿನ ಹೋಗಿ, ಮುನ್ನೂರು ಫೋಟೊ ತೆಗೆದುಕೊಂಡು ಬರುವುದನ್ನು ನಾನು ಪ್ರವಾಸ ಎನ್ನುವುದಿಲ್ಲ. ಪ್ರವಾಸವೆಂದರೆ ವಾಪಸು ಬಂದಾಗ ಹಾಲಿನವನು "ಸಾರ್, ಏರಿಯಾಗೆ ಹೊಸಬ್ರಾ?" ಎಂದು ಕೇಳಬೇಕು. ಈ ಸಿದ್ಧಾಂತಕ್ಕೆ ನಾನು ಈಗಾಗಲೇ ಎರಡು ನೌಕರಿಗಳನ್ನು ಬಲಿ ಕೊಟ್ಟಿದ್ದೆ. ರಾಜಸ್ಥಾನ ಸುತ್ತಿ ಎರಡು ತಿಂಗಳಾದ ಮೇಲೆ ಬಂದಾಗ ನನ್ನ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. ಮೇಘಾಲಯ ಸುತ್ತಿ ಬಂದಾಗ ಕುರ್ಚಿಯೇ ಇರಲಿಲ್ಲ!

ಈಗಿನದು ಮೂರನೆಯದು. ಹಿರೇಹಳ್ಳಿಯಲ್ಲಿ ತೆಂಗಿನಕಾಯಿ ಸುಲಿಯುವ ಯಂತ್ರ ಮಾಡುವ ಒಂದು ಸಣ್ಣ ಕಾರ್ಖಾನೆ. ಗಿರಾಕಿಗಳಿಗೆ ಕೊಟೇಶನ್ ಬರೆದು ಕಳಿಸುವುದು, ಫೋನಿನಲ್ಲಿ ನಯವಾಗಿ ಮಾತಾಡುವುದು, ಇಷ್ಟೇ ನನ್ನ ಕೆಲಸ. ಯಂತ್ರವನ್ನು ಮುಟ್ಟುವ ಪ್ರಮೇಯವೇ ಇಲ್ಲ. ಇದನ್ನು ಮಾಡಲು ಹಿರೇಹಳ್ಳಿಯಾದರೇನು, ಹಿಮಾಲಯವಾದರೇನು? ಮೂರು ತಿಂಗಳು ಬೆಟ್ಟದಲ್ಲಿ ಕೂತು ಕೊಟೇಶನ್ ಬರೆಯುವ ಯೋಜನೆಯನ್ನು ಹೆಂಡತಿ ಲತಾಳ ಮುಂದೆ ಮಂಡಿಸಿದೆ. ಅವಳು ತುಮಕೂರಿನಲ್ಲೇ ಒಂದು ಶಾಲೆಯಲ್ಲಿ ಟೀಚರ್. ನೋಟ್ಸ್ ತಿದ್ದುತ್ತಾ ತಲೆಯೆತ್ತದೆಯೇ ಹೇಳಿದಳು:

"ಈ ಕೆಲ್ಸಾನೂ ಹೋದ್ರೆ ನಾಲ್ಕನೇದನ್ನ ಅಲ್ಲೇ ಹುಡುಕ್ಕೊಳ್ಳಿ. ಹಿಮಾಲಯದಲ್ಲಿ ಸನ್ಯಾಸಿಗಳಿಗೆ ಒಳ್ಳೇ ಡಿಮ್ಯಾಂಡ್ ಇರುತ್ತೆ."

ಮರುದಿನ ಓನರ್ ಗಂಗಾಧರಯ್ಯನವರ ಮುಂದೆ ನಿಂತೆ.

"ಹಿಮಾಲಯದಲ್ಲಿ ತೆಂಗಿನಮರ ಇದೆಯೇನ್ರೀ?" ಎಂದರು.

"ಇಲ್ಲ ಸಾರ್. ಆದ್ರೆ ನೆಟ್‌ವರ್ಕ್ ಇದೆ."

"ಒಂದ್ ಕೆಲ್ಸ ಮಾಡಿ. ನಾನು ಎರಡು ಗಂಟೇಲಿ ಬಂದು ಎಳ್ಕೊಂಡು ಬರೋ ಅಷ್ಟು ದೂರದಲ್ಲಿ ಹದಿನೈದು ದಿನ ಕೆಲ್ಸ ಮಾಡಿ ತೋರ್ಸಿ. ದಿನಾ ಹನ್ನೊಂದಕ್ಕೆ ವಿಡಿಯೋದಲ್ಲಿ ಮುಖ ಕಾಣ್ಬೇಕು. ಎಡವಟ್ಟಾಗ್ಲಿಲ್ಲ ಅಂದ್ರೆ ಮೂರು ತಿಂಗಳು ಹಿಮಾಲಯ. ಎಡವಟ್ಟಾಯ್ತು ಅಂದ್ರೆ ಹಿಮಾಲಯಾನೂ ಇಲ್ಲ, ಹಿರೇಹಳ್ಳೀನೂ ಇಲ್ಲ."

ಹದಿನೈದು ದಿನ! ಯಃಕಶ್ಚಿತ್ ಹದಿನೈದು ದಿನ! ನಾನು ಆರಿಸಿಕೊಂಡದ್ದು ಕುಣಿಗಲ್ ತಾಲ್ಲೂಕಿನ ಅಮೃತೂರು. ಅಲ್ಲಿ ಲತಾಳ ಚಿಕ್ಕಪ್ಪ ರಂಗಪ್ಪನವರ ಮನೆಯಿದೆ, ತೋಟವಿದೆ, ಚಿಕ್ಕಮ್ಮ ಪುಟ್ಟಲಕ್ಷ್ಮಮ್ಮನವರ ಕೈರುಚಿಯಿದೆ. ಹಿಮಾಲಯಕ್ಕೆಂದು ಕೊಂಡಿದ್ದ ಆಳೆತ್ತರದ ಬ್ಯಾಗನ್ನು ಬೆನ್ನಿಗೇರಿಸಿ ಕುಣಿಗಲ್‌ನಲ್ಲಿ ಇಳಿದು ಅಮೃತೂರಿನ ಪ್ರೈವೇಟ್ ಬಸ್ ಹತ್ತಿದೆ. ಕಂಡಕ್ಟರ್ ಬ್ಯಾಗನ್ನು ಬೆರಳಲ್ಲಿ ತಟ್ಟಿ ನೋಡಿ, "ಸಿಲಿಂಡರ್ ಒಳಗ್ ಹಾಕಂಗಿಲ್ಲ ಸಾರ್" ಎಂದ. ಅನುಭವಿ ಯಾತ್ರಿಕರು ಇಂಥವನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಬಾಗಿಲಲ್ಲೇ ಪುಟ್ಟಲಕ್ಷ್ಮಮ್ಮ ನನ್ನನ್ನೂ ಬ್ಯಾಗನ್ನೂ ನೋಡಿ ಗಾಬರಿಯಾದರು.

"ಏನ್ ಅಳೀಂದ್ರೇ, ಒಬ್ರೇ ಬಂದ್ರಿ? ಲತಾ?"

"ಅವ್ಳಿಗೆ ಸ್ಕೂಲು. ನಾನು ಹದಿನೈದು ದಿನ ಇಲ್ಲೇ ಇರ್ತೀನಿ ಅತ್ತೆ."

"ಹದಿನೈದು ದಿನಾನಾ! ಮತ್ತೆ ಕೆಲ್ಸ?"

"ಕೆಲ್ಸಾನೂ ಇಲ್ಲೇ ಮಾಡೋದು. ಇನ್ಮೇಲೆ ಹಿಂಗೇ. ಊರೂರು ಸುತ್ತೋದು, ಅಲ್ಲಲ್ಲೇ ಕೆಲ್ಸ ಮಾಡೋದು."

ಅಷ್ಟರಲ್ಲಿ ರಂಗಪ್ಪನವರೂ ಹೊರಗೆ ಬಂದಿದ್ದರು, ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಇದು ಮೂರನೇದಲ್ವಾ?" ಎಂದು ಆಕೆ ಪಿಸುಗುಟ್ಟಿದರು. "ಬುಡು, ಈಗ್ಲೇ ಕೇಳ್ಬ್ಯಾಡ. ಮೊದ್ಲು ಊಟಕ್ಕಿಕ್ಕು" ಎಂದರು ರಂಗಪ್ಪ. ಆ ರಾತ್ರಿ ನನ್ನ ಮುದ್ದೆಗೆ ಬಿದ್ದ ತುಪ್ಪದ ಪ್ರಮಾಣ ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಇನ್ನೊಂದು ಚಮಚ ಕೇಳಿ ಹಾಕಿಸಿಕೊಂಡೆ.

ಬೆಳಿಗ್ಗೆ ತಿಳಿಯಿತು, ಮನೆಯೊಳಗೆ ಸಿಗ್ನಲ್ ಇಲ್ಲ. ಹಜಾರದಲ್ಲಿಲ್ಲ, ಹಿತ್ತಲಲ್ಲಿಲ್ಲ. ಇದ್ದದ್ದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಮೂರಡಿ ಜಾಗದಲ್ಲಿ ಮಾತ್ರ. ಆ ಮೂರಡಿಯ ಸುತ್ತ ಪುಟ್ಟಲಕ್ಷ್ಮಮ್ಮ ವರ್ಷಕ್ಕಾಗುವಷ್ಟು ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ನಾನು ಮೆಣಸಿನಕಾಯಿಯ ನಡುವೆ ಚಾಪೆ ಹಾಸಿ, ಕೊಡೆ ಬಿಚ್ಚಿ, ಲ್ಯಾಪ್‌ಟಾಪ್ ತೆರೆದು ಕೂತೆ. ಗಾಳಿ ಬೀಸಿತು.

ಹನ್ನೊಂದು ಗಂಟೆಗೆ ಗಂಗಾಧರಯ್ಯನವರಿಗೆ ಕಂಡದ್ದು ಕೆಂಪಾದ ಎರಡು ಕಣ್ಣು, ಸುರಿಯುವ ಮೂಗು.

"ಏನ್ರೀ, ಹುಷಾರಿಲ್ವಾ?"

"ಚೆನ್ನಾ... ಹಾಕ್ಷೀ!... ಚೆನ್ನಾಗಿದೀನಿ ಸಾರ್."

ಇದನ್ನು ಪಕ್ಕದ ಮನೆಯ ನಂಜಮ್ಮ ತಮ್ಮ ಹಿತ್ತಲಿಂದ ನೋಡುತ್ತಿದ್ದರು. ಆಕೆಗೆ ಮೆಣಸಿನಕಾಯಿ ಕಾಣಲಿಲ್ಲ. ಸುಡುಬಿಸಿಲಲ್ಲಿ ಕೊಡೆ ಹಿಡಿದು, ಪೆಟ್ಟಿಗೆಯೊಂದರ ಮುಂದೆ ಕೂತು ಗಳಗಳನೆ ಅಳುವ ಗಂಡಸು ಮಾತ್ರ ಕಂಡ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ: ರಂಗಪ್ಪನ ಮನೆ ಅಳಿಯನಿಗೆ ಕೆಲಸ ಹೋಗಿದೆ, ಹೆಂಡತಿ ಬ್ಯಾಗು ಸಮೇತ ಆಚೆ ಹಾಕಿದ್ದಾಳೆ!

ಮರುದಿನದಿಂದ ಸಂತಾಪ ಸೂಚಿಸುವವರು ಬರತೊಡಗಿದರು. ಒಬ್ಬರು ಬಾಳೆಗೊನೆ ತಂದರು. ಇನ್ನೊಬ್ಬರು ಕೋಳಿ ಫಾರಮ್ಮಿನಲ್ಲಿ ಲೆಕ್ಕ ಬರೆಯುವ ಕೆಲಸ ಖಾಲಿಯಿದೆ ಎಂದರು. "ನಂಗೆ ಕೆಲ್ಸ ಇದೆ" ಎಂದು ನಾನು ಹೇಳಿದಷ್ಟೂ ಅವರ ಕಣ್ಣಲ್ಲಿ ಕರುಣೆ ಹೆಚ್ಚಿತು. "ಅಂಗೇ ಅನ್ಕಳಿ. ಧೈರ್ಯ ಬರ್ತದೆ" ಎಂದು ಬೆನ್ನು ತಟ್ಟಿದರು.

ಮೂರನೇ ದಿನ ದೊಡ್ಡ ಪರೀಕ್ಷೆ. ಕಾಸರಗೋಡಿನ ಒಬ್ಬ ಗಿರಾಕಿ ಒಮ್ಮೆಗೇ ಹನ್ನೆರಡು ಯಂತ್ರ ಕೇಳಿದ್ದರು. ಹನ್ನೊಂದಕ್ಕೆ ಅವರು, ಗಂಗಾಧರಯ್ಯ, ನಾನು ಮೂವರೂ ವಿಡಿಯೋದಲ್ಲಿ. ಗಿರಾಕಿಗೆ ಕನ್ನಡ ಸೊಗಸಾಗಿ ಬರುತ್ತಿತ್ತು. ಬರದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಮಾತು ಕುದುರಿತ್ತು. ಇನ್ನೇನು ಅವರು ಹೂಂ ಅನ್ನಬೇಕು, ಅಷ್ಟರಲ್ಲಿ ಹಿಂದೆ ಏಣಿ ಕಿರುಗುಟ್ಟಿತು. ಮಡಿ ಪಂಚೆ ಉಟ್ಟ ರಂಗಪ್ಪ ಮೇಲೆ ಬಂದರು. ಅವರ ಹಿಂದೆ ನಂಜಮ್ಮ. ದಿನಾ ಹನ್ನೊಂದಕ್ಕೆ ಓನರ್ ಇದರಲ್ಲಿ ಕಾಣುತ್ತಾರೆಂದು ಬಾಯಿಬಿಟ್ಟಿದ್ದವನು ನಾನೇ. ನಾನು ಕೈ ಆಡಿಸಿ ಬೇಡ ಬೇಡ ಎನ್ನುವಷ್ಟರಲ್ಲಿ ರಂಗಪ್ಪ ಲ್ಯಾಪ್‌ಟಾಪಿಗೆ ಕೈಮುಗಿದುಬಿಟ್ಟರು.

"ಸ್ವಾಮಿ, ನಾನು ಇವ್ರ ಮಾವ. ನಮ್ ಅಳೀಂದ್ರನ್ನ ಕೆಲ್ಸದಿಂದ ತೆಗೆದ್ಬುಟ್ರಂತೆ. ಮೂರು ದಿನದಿಂದ ಮ್ಯಾಲೆ ಕೂತ್ಕಂಡು ಅಳ್ತಾವ್ರೆ. ಏನೋ ತಪ್ಪಾಗಿದ್ರೆ ಹೊಟ್ಟೆಗಾಕ್ಕಳಿ."

ಗಂಗಾಧರಯ್ಯನವರ ಮುಖ ಪರದೆ ತುಂಬ ಬಂತು. "ಯಾರ್ರೀ ಹೇಳಿದ್ದು? ಅವ್ರನ್ನ ನಾನಿನ್ನೂ ತೆಗ್ದಿಲ್ಲ!"

ಆ 'ಇನ್ನೂ' ನನ್ನ ಎದೆಗೆ ನಾಟಿತು.

"ಸಂಬ್ಳ ಕೊಡಕ್ಕಾಗ್ದೆ ಒಬ್ಬೊಬ್ಬರನ್ನೇ ಕಳಿಸ್ತಾವ್ರಂತೆ" ಎಂದು ನಂಜಮ್ಮ ಹಿಂದಿನಿಂದ ಪೂರಕ ಮಾಹಿತಿ ಒದಗಿಸಿದರು.

ಕಾಸರಗೋಡಿನವರು ಗಂಟಲು ಸರಿಮಾಡಿಕೊಂಡರು. "ಗಂಗಾಧರಯ್ಯನವರೇ, ನಿಮ್ಮ ಕಂಪನಿಗೆ ಏನೋ ತೊಂದರೆ ಉಂಟು ಕಾಣ್ತದೆ. ನಾವು ಮತ್ತೆ ಮಾತಾಡುವ." ಪರದೆಯಿಂದ ಅವರ ಮುಖ ಮಾಯವಾಯಿತು. ನಾನು ಎಲ್ಲ ವಿವರಿಸಲು ಧಾವಿಸಿ, ಮೆಣಸಿನಕಾಯಿ ಮೇಲೆ ಜಾರಿ, ಅದರಲ್ಲೇ ಕೈಯೂರಿ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡೆ. ಆಮೇಲೆ ನಾನು ಅತ್ತದ್ದು ನಿಜವಾದ ಅಳು.

ಒಂದೂವರೆ ಗಂಟೆಯಲ್ಲಿ ಗಂಗಾಧರಯ್ಯನವರ ಕಾರು ಮನೆ ಮುಂದೆ ನಿಂತಿತು. ಮೂರನೇ ಕುರ್ಚಿಯೂ ಹೋಯಿತೆಂದು ನಾನು ಒದ್ದೆ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು ಜಗುಲಿಯಲ್ಲಿ ಕೂತಿದ್ದೆ. ಲತಾಳಿಗೆ ಏನು ಹೇಳಲಿ? ಅವಳಿಗೆ ಹೇಳುವುದಕ್ಕಿಂತ ಕೋಳಿ ಫಾರಂ ಸೇರುವುದೇ ಸುಲಭ ಅನ್ನಿಸಿತು. ಬೀದಿಯ ಹತ್ತು ಹನ್ನೆರಡು ಮಂದಿ, ಎಲ್ಲ ತೆಂಗಿನ ತೋಟದವರು, ನನ್ನ ಪರವಾಗಿ ವಾದಿಸಲು ಸೇರಿದ್ದರು.

ಬಯ್ಯಲು ಬಂದ ಗಂಗಾಧರಯ್ಯನವರಿಗೆ ಬಯ್ಯುವ ಅವಕಾಶವೇ ಸಿಗಲಿಲ್ಲ. ಪುಟ್ಟಲಕ್ಷ್ಮಮ್ಮ ಎಲೆ ಹಾಕಿ ಕೂರಿಸಿದರು. ಊಟವಾದ ಮೇಲೆ ಯಾರೋ "ಅದೇನ್ ಮಿಷನ್ನು ಸ್ವಾಮಿ ನಿಮ್ದು?" ಎಂದರು. ಅವರು ವಿವರಿಸತೊಡಗಿದರು. ಕಾಯಿ ಸುಲಿಯಲು ಆಳು ಸಿಗದ ಕಷ್ಟವನ್ನು ತೋಟದವರು ಹೇಳಿಕೊಂಡರು. ಸಂಜೆ ಕಾಫಿಯ ಹೊತ್ತಿಗೆ ಐದು ಯಂತ್ರಕ್ಕೆ ಮಾತಾಯಿತು. "ಪಾಪ, ಅಳೀಂದ್ರ ಕೆಲ್ಸ ಉಳ್ಕಳ್ಳಿ ಅಂತ" ಎಂದರು ಅವರಲ್ಲಿ ಒಬ್ಬರು.

ಗಂಗಾಧರಯ್ಯ ನನ್ನನ್ನು ಕಾರಿನ ಹತ್ತಿರ ಕರೆದರು.

"ಒಂದು ವರ್ಷ ಕೊಟೇಶನ್ ಬರೆದು ಈ ಕಡೆ ಒಂದು ಮಿಷನ್ ಮಾರಿದ್ರೇನ್ರೀ? ಮೂರು ದಿನ ಅತ್ತು ಐದು ಮಾರಿದ್ರಲ್ರೀ!"

"ಸಾರ್, ಹಾಗಾದ್ರೆ ಹಿಮಾಲಯ..."

"ಸುತ್ತೋ ಹುಚ್ಚು ತಾನೇ ನಿಮ್ಗೆ? ಸುತ್ತಿ. ಗುಬ್ಬಿ, ಕುಣಿಗಲ್ ಎರಡೂ ತಾಲ್ಲೂಕು ನಿಮ್ಮದೇ. ಒಂದು ಹಳ್ಳೀನೂ ಬಿಡ್ಬೇಡಿ."

ಹೀಗೆ ನಾನು ಅಲೆಮಾರಿಯಾದೆ, ಸಂಬಳ ಸಮೇತ. ಕಾಲಲ್ಲಿ ತುಳಿದು ಕಾಯಿ ಸುಲಿಯುವ ಚಿಕ್ಕ ಮಾದರಿಯೊಂದನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುತ್ತೇನೆ. ತುಳಿದು ತುಳಿದು ಬಲಗಾಲು ಎಡಗಾಲಿಗಿಂತ ದಪ್ಪಗಾಗಿದೆ. ಭಾನುವಾರ ಲತಾ "ಎಲ್ಲಾದ್ರೂ ಹೋಗಿಬರೋಣ್ವಾ?" ಎಂದರೆ ಕೈಮುಗಿದು ಗೋಡೆ ಕಡೆ ತಿರುಗಿ ಮಲಗುತ್ತೇನೆ.

ಅವಳು ಎಷ್ಟು ದಿನ ಕಾಯುತ್ತಾಳೆ? ದಸರಾ ರಜಕ್ಕೆ ಶಾಲೆಯ ಗೆಳತಿಯರ ಜೊತೆ ಹಿಮಾಚಲಕ್ಕೆ ಹೊರಟೇಬಿಟ್ಟಳು. ನನಗೆ ರಜ ಸಿಗಲಿಲ್ಲ. ಹೋದ ನಾಲ್ಕನೇ ದಿನ ಫೋನು ಬಂತು. ಗುಬ್ಬಿ ಕಡೆಯ ನಿಟ್ಟೂರಿನ ಬಸ್ ಸ್ಟಾಪಿನಲ್ಲಿ ನಿಂತಿದ್ದೆ.

"ರೀ, ಎದುರಿಗೇ ಹಿಮದ ಬೆಟ್ಟ! ಏನ್ ಚೆನ್ನಾಗಿದೆ ಗೊತ್ತಾ! ನೀವೆಲ್ಲಿದೀರ?"

"ನಿಟ್ಟೂರಲ್ಲಿ ಕಣೇ."

ಗಾಳಿಯ ಸದ್ದಿಗೆ ನನ್ನ ಮೊದಲಕ್ಷರ ಬೆಟ್ಟ ಹತ್ತಲಿಲ್ಲ.

"ಏನಂದ್ರಿ? ಟೂರಲ್ಲಾ? ಯಾರ್ ಜೊತೆ?"

ಕಾಲ ಬಳಿ ಒರಗಿದ್ದ ಗೋಣಿಚೀಲವನ್ನು ನೋಡಿದೆ.

"ಹೂಂ ಕಣೇ, ಟೂರಲ್ಲಿ" ಎಂದೆ. "ಕಂಪ್ನಿ ಜೊತೆ."