ಎಡಗೈಯ ಅಳತೆ

ಬಡಗಿಗೆ ಪೇಪರ್ ಓದುವ ಚಟವಿಲ್ಲ. ಪಾಲಿಶ್ ಡಬ್ಬದ ಕೆಳಗೆ ಹಾಸಿದ ಹಾಳೆಯಲ್ಲಿ ಎಷ್ಟು ಕಾಣುತ್ತದೋ ಅಷ್ಟೇ ಅವನ ಲೋಕಜ್ಞಾನ. ಆವತ್ತು ಕಂಡದ್ದು ಇಷ್ಟು: ಗಂಡಸರ ಬಲಗೈಯಲ್ಲಿ ಉಂಗುರದ ಬೆರಳು ತೋರುಬೆರಳಿಗಿಂತ ಉದ್ದವಿದ್ದರೆ ಹೃದ್ರೋಗದ ಭಯ ಕಡಿಮೆಯಂತೆ, ಗಿಡ್ಡವಿದ್ದರೆ ಜಾಸ್ತಿಯಂತೆ. (ಹೌದೋ ಅಲ್ಲವೋ ಎಂದು ಡಾಕ್ಟರುಗಳೇ ಇನ್ನೂ ಕಿತ್ತಾಡುತ್ತಿದ್ದಾರೆ ಎಂಬ ಸಾಲು ಡಬ್ಬದ ಅಡಿಯಲ್ಲಿತ್ತು.)

ಅಳತೆ ಅಂದರೆ ಸುಮ್ಮನಿರುವ ಜೀವವೇ ಅದು? ಉಕ್ಕಿನ ಅಳತೆಪಟ್ಟಿ ಹಿಡಿದು ಬೆರಳು ಅಳೆದೇಬಿಟ್ಟ. ಉಂಗುರದ ಬೆರಳು ಆರು ಮಿಲಿಮೀಟರ್ ಗಿಡ್ಡ! ಮತ್ತೆ ಅಳೆದ. ಅಷ್ಟೇ. ಮರವಾಗಿದ್ದರೆ ಒಂದು ತುಂಡು ಸೇರಿಸಬಹುದಿತ್ತು. 

ಒಳಗೆ ಬಂದು ಮಂಚದ ಮೇಲೆ ಬಿದ್ದುಕೊಂಡ. "ಲೇ ಇವಳೇ, ನನ್ನ ಉಳಿಗಳನ್ನೆಲ್ಲ ನಿನ್ನ ತಮ್ಮನಿಗೆ ಕೊಟ್ಟುಬಿಡು."

"ಅವನಿಗೆ ಪೆನ್ಸಿಲ್ ಚೂಪು ಮಾಡೋಕೇ ಬರಲ್ಲ. ಏನಾಯ್ತೀಗ?"

ಹೇಳಿದ. ಹೇಳುವಾಗ ಕಣ್ಣು ನಿಜವಾಗಿಯೂ ತುಂಬಿತು. ಸಾಯಲು ಅವನಿಗೆ ಸುತರಾಂ ಇಷ್ಟವಿರಲಿಲ್ಲ. ಆದರೂ ಆ ಮಹಾದುಃಖದ ನಡುವೆ ಒಂದು ಚಿಕ್ಕ ಸಮಾಧಾನ ಹೊಳೆಯಿತು. "ಆ ಬೀರುವಿನ ಬಾಗಿಲು ಇನ್ನು ಆಗಲ್ಲ ಕಣೆ. ಎದೆಗೆ ಶ್ರಮ ಕೊಡಬಾರದು."

ಆ ಬೀರು ಮದುವೆಯಾದ ವರ್ಷ ಶುರುವಾದದ್ದು. ಕಂಡವರ ಮನೆಗೆಲ್ಲ ಬಾಗಿಲು ಕೂರಿಸಿದವನ ಮನೆಯಲ್ಲಿ ಹದಿನೆಂಟು ವರ್ಷದಿಂದ ಬೀರುವಿಗೆ ಹೂವಿನ ಪರದೆಯೇ ಬಾಗಿಲು.

ಹೆಂಡತಿ ಡಬ್ಬ ಎತ್ತಿಟ್ಟು ಹಾಳೆ ತಂದು, ಅಡಿಯ ಸಾಲೂ ಬಿಡದೆ ಓದಿದಳು. "ಬಲಗೈ ಅಂತ ಇದೆಯಲ್ಲ. ನೀವು ಅಳೆದಿದ್ದು ಯಾವ ಕೈ?"

"ಎಡಗೈ. ಬಲಗೈಯಲ್ಲಿ ಅಳತೆಪಟ್ಟಿ ಇತ್ತಲ್ಲೇ!"

"ಆ ಎಡಗೈ ಬೆರಳಿನ ತುದಿ ಎಲ್ಲಿ ಹೋಯ್ತು, ನೆನಪಿದೆಯಾ?"

ಬಡಗಿ ಬೆರಳು ನೋಡಿಕೊಂಡ. ಅಯ್ಯೋ! ಇದೇ ಬೀರುವಿನ ಬಾಗಿಲು ಕೊಯ್ಯುವಾಗ ಗರಗಸ ಕಚ್ಚಿಕೊಂಡು ಹೋದ ತುದಿ ಅದು. ಗಾಯ ಮಾಯಲಿ ಎಂದು ಅವತ್ತು ಬಾಗಿಲನ್ನು ಮೂಲೆಗೆ ಒರಗಿಸಿದ್ದ. ಗಾಯ ಹದಿನೈದು ದಿನದಲ್ಲಿ ಮಾಯಿತ್ತು.

"ಕಳ್ಳನಿಗೊಂದು ಪಿಳ್ಳೆ ನೆವ," ಎನ್ನುತ್ತ ಅವಳೇ ಬಲಗೈ ಹಿಡಿದು ಅಳೆದಳು. "ಉಂಗುರದ ಬೆರಳೇ ಉದ್ದ, ನಾಲ್ಕು ಮಿಲಿಮೀಟರ್. ಕಲ್ಲುಗುಂಡಿಗೆ ನಿಮ್ಮದು. ಏಳಿ!"

"ಬೆರಳು ನೋಡಿ ಎದೆ ಹೇಳೋಕಾಗುತ್ತೇನೇ? ಎಲ್ಲ ಬೊಗಳೆ!"

"ಬೊಗಳೆ ಆದ್ರೆ ನಿಮ್ಮ ಕಾಯಿಲೆಯೂ ಬೊಗಳೆ. ಏಳಿ ಅಂದೆ."

ಸಂಜೆಯ ಹೊತ್ತಿಗೆ ಬಾಗಿಲು ಕೂತಿತು. ಬಡಗಿಯ ಹಣೆಯಿಂದ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಹೆಂಡತಿ ಬಂದು, ಹತ್ತು ಸಲ ತೆಗೆದು ಹತ್ತು ಸಲ ಮುಚ್ಚಿ ನೋಡಿ, ಮುಖ ಒರೆಸಿಕೊಳ್ಳಿ ಎಂದು ಆ ಹೂವಿನ ಪರದೆಯನ್ನು ಅವನ ಕೈಗೆ ಕೊಟ್ಟಳು.