ಎತ್ತು ಕಂಡರೆ ಎಂಜಿನ್ ನಿಲ್ಲಿಸುತ್ತಿದ್ದ ಮಾವ

ನನ್ನ ಸೋದರಮಾವ ದಾವಣಗೆರೆಯಲ್ಲಿ ಮೋಟಾರ್ ಸೈಕಲ್ ಹತ್ತಿ ಹರಿಹರ ಮುಟ್ಟುವಷ್ಟರಲ್ಲಿ, ಅವನ ಜೊತೆಗೇ ಹೊರಟ ಸೈಕಲ್ಲಿನವರು ಹರಿಹರ ಸೇರಿ, ಹೊಳೆಯಲ್ಲಿ ಮುಳುಗು ಹಾಕಿ, ಹೋಟೆಲಿನಲ್ಲಿ ತಿಂಡಿ ತಿಂದು, ಅರ್ಧ ದಾರಿ ವಾಪಸ್ ಬಂದಿರುತ್ತಿದ್ದರು. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಹಾಗೆ ಎದುರಿಗೆ ಸಿಕ್ಕವರು ‘ಇನ್ನೂ ಇಲ್ಲೇ ಅದೀರೇನ್ರಿ?’ ಎಂದು ಕೇಳಿದ್ದನ್ನು ಮಾವನ ಹಿಂದೆ ಕೂತಿದ್ದ ನಾನೇ ಕಿವಿಯಾರೆ ಕೇಳಿದ್ದೇನೆ. ದೂರವಾದರೂ ಎಷ್ಟು? ಒಂಬತ್ತು ಮೈಲಿ! ಗಾಡಿ ಕೆಟ್ಟಿತ್ತೇ? ಇಲ್ಲ. ರಸ್ತೆ ಕೆಟ್ಟಿತ್ತೇ? ಅಷ್ಟೇನೂ ಇಲ್ಲ. ಕೆಟ್ಟಿರುವುದು ಇವನ ತಲೆ ಎಂದು ನಮ್ಮ ಅವ್ವ, ಅಂದರೆ ಅವನ ಒಡಹುಟ್ಟಿದ ಅಕ್ಕ, ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಈ ಮಾವನ ಕಥೆ ನಮ್ಮ ಬಳಗದಲ್ಲಿ ಗೊತ್ತಿಲ್ಲದವರಿಲ್ಲ. ಮದುವೆಯಿರಲಿ, ನಾಮಕರಣವಿರಲಿ, ಊಟವಾಗಿ ಎಲೆಅಡಿಕೆ ತಟ್ಟೆ ಬಂದ ಕೂಡಲೇ ಯಾರಾದರೊಬ್ಬರು ‘ಆ ಎತ್ತಿನ ಕಥೆ ಹೇಳು’ ಎಂದು ನನಗೆ ಗಂಟು ಬೀಳುತ್ತಾರೆ. ಅರವತ್ತು ವರ್ಷ ಹೇಳಿ ಹೇಳಿ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಸುಮ್ಮನೆ ಕೆಮ್ಮಬೇಕು ಎಂಬುದೂ ನನಗೆ ಬಾಯಿಪಾಠವಾಗಿದೆ. ಆದರೆ ಆ ಕಥೆಯ ಕೊನೆ ಸುಳ್ಳು. ಆ ಸುಳ್ಳಿನಿಂದ ಒಬ್ಬ ಒಳ್ಳೆಯ ಮನುಷ್ಯನ ಹೆಸರು ಕೆಟ್ಟಿತು. ಕೆಡಿಸಿದವನು ನಾನು. ನನಗೀಗ ಎಂಬತ್ತು ದಾಟಿದೆ; ಇನ್ನು ಮುಂದೂಡಿದರೆ ಸರಿಪಡಿಸುವವರು ಬೇರೆ ಯಾರೂ ಇಲ್ಲ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನಗು ಬಂದ ಕಡೆ ನಗಿ, ಅಡ್ಡಿಯಿಲ್ಲ. ಮಾವನೂ ನಗುತ್ತಿದ್ದ.

ಮಾವ ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಹುಟ್ಟಿ ಬೆಳೆದದ್ದು ಮಾಯಕೊಂಡದ ಕಡೆಯ ಒಕ್ಕಲುತನದ ಮನೆಯಲ್ಲಿ. ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಹಳೆಯ ಮೋಟಾರ್ ಸೈಕಲ್ಲನ್ನು ಎಲ್ಲಿಂದಲೋ ತಂದು, ಬಿಚ್ಚಿ, ಅಂಗಳದ ತುಂಬ ಹಪ್ಪಳದಂತೆ ಹರಡಿ, ಮತ್ತೆ ಜೋಡಿಸಿದ. ಜೋಡಿಸಿ ಮುಗಿಸಿದ ಮೇಲೆ ಎರಡು ನಟ್ಟು ಉಳಿದವು. ಮಾವ ಅವನ್ನು ತಿರುಗಿಸಿ ನೋಡಿ, ‘ಇವು ಯುದ್ಧಕ್ಕೆ ಬೇಕಾಗಿದ್ವು, ನಮಗ್ಯಾಕ?’ ಎಂದು ಗೋಡೆಯ ಗೂಡಿನಲ್ಲಿಟ್ಟುಬಿಟ್ಟ. ಅದರ ಸದ್ದೋ, ನಮ್ಮ ಓಣಿಯಲ್ಲಿ ಚಾಲೂ ಮಾಡಿದರೆ ರೈಲ್ವೆ ಸ್ಟೇಷನ್ನಿನಲ್ಲಿ ಕೂತವರು ಗಾಡಿ ಬಂತೆಂದು ಗಂಟು ಎತ್ತಿಕೊಳ್ಳಬೇಕು, ಹಾಗಿತ್ತು.

ಇಷ್ಟು ಸದ್ದಿನ ಗಾಡಿಗೆ ಮಾವ ಒಂದು ನೇಮ ಹಾಕಿಕೊಂಡಿದ್ದ. ರಸ್ತೆಯಲ್ಲಿ ಎತ್ತಿನ ಗಾಡಿ ಕಂಡರೆ ಎಂಜಿನ್ ನಿಲ್ಲಿಸಬೇಕು. ಇಳಿಯಬೇಕು. ಎತ್ತುಗಳನ್ನು ದಾಟುವ ತನಕ ಮೋಟಾರ್ ಸೈಕಲ್ಲನ್ನು ಕೈಯಲ್ಲಿ ತಳ್ಳಿಕೊಂಡು ಹೋಗಿ, ನೂರು ಹೆಜ್ಜೆ ಆಚೆ ಮತ್ತೆ ಚಾಲೂ ಮಾಡಬೇಕು. ಯಾಕೆಂದು ಕೇಳಿದರೆ, ‘ರಸ್ತೆ ಮೊದ್ಲಿಂದ ಅವುಗಳ್ದು. ನಾವು ನಿನ್ನೆ ಬಂದೋರು’ ಎನ್ನುತ್ತಿದ್ದ. ಹೇಳುವುದಕ್ಕೇನೋ ಚೆನ್ನಾಗಿದೆ. ಆದರೆ ಆ ಮಿಲಿಟರಿ ಗಾಡಿ ಒಂದು ಒದೆತಕ್ಕೆ ಚಾಲೂ ಆಗುವ ಜಾತಿಯದ್ದಲ್ಲ. ಎಂಟು ಒದೆಯಬೇಕು, ಒಂದು ಸಲ ಬೈಯಬೇಕು, ಮತ್ತೆ ಎರಡು ಒದೆಯಬೇಕು. ಸಂತೆಯ ದಿನ ಹರಿಹರದ ದಾರಿಯಲ್ಲಿ ಎಷ್ಟು ಗಾಡಿ ಬರುತ್ತವೆ, ನೀವೇ ಯೋಚಿಸಿ!

ಭಾನುವಾರ ಮಿಲ್ಲಿಗೆ ರಜೆ. ಅಂದು ನಮ್ಮ ದಂಡು ಹೊರಡುತ್ತಿತ್ತು. ಮೂರು ಮೋಟಾರ್ ಸೈಕಲ್ಲು, ನಾಲ್ಕು ಜನ. ಮಾವ, ಮಾವನ ಹಿಂದೆ ಆಗಷ್ಟೇ ಎಸ್.ಎಸ್.ಎಲ್.ಸಿ. ಮುಗಿಸಿದ್ದ ನಾನು, ಮಂಡಕ್ಕಿ ಭಟ್ಟಿಯ ಹಾಲಪ್ಪ, ದರ್ಜಿ ಬಾಷಾ. ಹಾಲಪ್ಪನ ಗಾಡಿಗೆ ಯಾವಾಗಲೂ ಒಂದು ಮೂಟೆ ಮಂಡಕ್ಕಿ ಕಟ್ಟಿರುತ್ತಿತ್ತು; ಬೇರೆ ಊರಿನ ಮಂಡಕ್ಕಿ ಬಾಯಿಗಿಟ್ಟರೆ ತನಗೆ ಜ್ವರ ಬರುತ್ತದೆಂದು ಅವನ ನಂಬಿಕೆ. ಒಮ್ಮೆ ಮೂಟೆಗೆ ತೂತು ಬಿದ್ದು ದಾರಿಯುದ್ದಕ್ಕೂ ಮಂಡಕ್ಕಿ ಸುರಿದು, ಹರಿಹರ ಮುಟ್ಟಿದಾಗ ನಮ್ಮ ಹಿಂದೆ ಹನ್ನೊಂದು ಮೇಕೆಗಳಿದ್ದವು. ನಮ್ಮ ವೇಗವನ್ನು ಇದಕ್ಕಿಂತ ಸರಿಯಾಗಿ ಅಳೆಯಲು ಸಾಧ್ಯವಿಲ್ಲ.

ಬಾಷಾ ಮಾತ್ರ ಈ ನೇಮಕ್ಕೊಂದು ಪರಿಹಾರ ಹುಡುಕಿದ. ಸದ್ದು ತಾನೇ ತೊಂದರೆ? ಸೈಲೆನ್ಸರಿಗೆ ಅಳತೆ ತೆಗೆದುಕೊಂಡು, ಹಳೆಯ ಕೌದಿಯ ಬಟ್ಟೆಯಲ್ಲಿ ಒಂದು ದಪ್ಪ ಅಂಗಿ ಹೊಲಿದ. ಗುಂಡಿ, ಕಾಜಾ, ಎಲ್ಲ ಇತ್ತು. ಹೊಲಿದ ಅಂಗಿ ತೊಟ್ಟ ಮೋಟಾರ್ ಸೈಕಲ್ಲು ದಾವಣಗೆರೆಯಲ್ಲಿ ಅದೇ ಮೊದಲು. ಎರಡು ಮೈಲಿ ಹೋಗುವಷ್ಟರಲ್ಲಿ ಅಂಗಿಗೆ ಬೆಂಕಿ ಹತ್ತಿಕೊಂಡಿತು. ಮಣ್ಣು ಎರಚಿ ಆರಿಸಿದ್ದಾಯಿತು. ಬಾಷಾ ಕರಕಲಾದ ಬಟ್ಟೆಯನ್ನು ಕಡ್ಡಿಯಲ್ಲಿ ಎತ್ತಿ ಹಿಡಿದು, ಕಾಜಾ ಮಾತ್ರ ಬಿಚ್ಚಿಲ್ಲ ನೋಡಿ ಎಂದು ಎಲ್ಲರಿಗೂ ತೋರಿಸಿದ.

ಇನ್ನೊಂದು ಭಾನುವಾರ ಎದುರಿಗೆ ಬಂದ ಗಾಡಿಯವನೂ ಮಾವನಂಥವನೇ! ದೂರದಲ್ಲೇ ನಮ್ಮನ್ನು ಕಂಡು ಕೆಳಗಿಳಿದು, ಮೂಗುದಾರ ಹಿಡಿದು, ರಸ್ತೆಯ ಪಕ್ಕಕ್ಕೆ ನಿಂತುಬಿಟ್ಟ. ಮಾವನೂ ಎಂಜಿನ್ ನಿಲ್ಲಿಸಿ ಈ ಪಕ್ಕ ನಿಂತ.

‘ನೀವು ಹೋಗ್ರಿ.’

‘ಛೇ, ನೀವು ಹೋಗ್ರಿ ಮೊದ್ಲು.’

‘ನಿಮಗ ಅವಸರ ಇರ್ತೈತೆ, ಮೋಟಾರ್‌ನೋರು.’

‘ನಮಗೇನು ಅವಸರ, ಭಾನುವಾರ.’

ಈ ಮರ್ಯಾದೆ ಎಷ್ಟು ಹೊತ್ತು ನಡೆಯಿತೆಂದರೆ, ಎತ್ತುಗಳು ಬೇಸತ್ತು ನೊಗದಡಿಯಲ್ಲೇ ಮಲಗಿಬಿಟ್ಟವು. ಅವನ್ನು ಎಬ್ಬಿಸಲು ನಾವು ನಾಲ್ವರೂ ಕೈ ಹಾಕಬೇಕಾಯಿತು. ಹೊರಡುವಾಗ ಗಾಡಿಯವನು ಹಾಲಪ್ಪನ ಮಂಡಕ್ಕಿ ಕಟ್ಟಿಸಿಕೊಂಡು ಹೋದ.

ಚಿತ್ರದುರ್ಗದ ಕೋಟೆ ನೋಡಲು ಹೋದದ್ದಂತೂ ಹೇಳಲೇಬೇಕು. ಬೆಳಕು ಹರಿಯುವ ಮೊದಲೇ ಹೊರಟೆವು. ಹತ್ತಿ ಸುಗ್ಗಿಯ ಕಾಲ. ಹತ್ತಿ ತುಂಬಿದ ದೊಡ್ಡ ಚೀಲ, ಅಂದರೆ ಅಂಡಿಗೆ, ಹೇರಿದ ಗಾಡಿಗಳು ಸಾಲುಸಾಲಾಗಿ ದಾವಣಗೆರೆಯ ಕಡೆ ಬರುತ್ತಿದ್ದವು. ನಾವು ಸವಾರಿ ಮಾಡಿದ್ದು ಸ್ವಲ್ಪ, ತಳ್ಳಿದ್ದೇ ಬಹಳ. ದುರ್ಗ ಮುಟ್ಟಿದಾಗ ಹೊತ್ತು ಇಳಿದಿತ್ತು. ಈಗ ಹತ್ತಿದರೆ ಇಳಿಯುವುದು ಯಾವಾಗ? ಕೆಳಗೆ ನಿಂತೇ ಕೋಟೆಯನ್ನು ನೋಡಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ತಿರುಗಿದೆವು. ಹಾಲಪ್ಪ ಮುಖ ಊದಿಸಿಕೊಂಡಿದ್ದ. ಮಾವ ಅವನಿಗೆ ಸಮಾಧಾನ ಹೇಳಿದ: ‘ಕೋಟೆ ಎಲ್ಲಿಗೂ ಹೋಗಂಗಿಲ್ಲ ಹಾಲಪ್ಪ. ಇಷ್ಟು ವರ್ಷ ನಿಂತೈತೆ, ಇನ್ನೊಂದು ವಾರ ನಿಲ್ಲಂಗಿಲ್ಲೇನು?’

ಆ ದಿನಗಳ ಗಾಳಿ ಈಗಲೂ ನನ್ನ ಮುಖಕ್ಕೆ ಬಡಿಯುತ್ತದೆ. ಹರಿಹರದ ಸೇತುವೆಯ ಮೇಲೆ ನಿಂತು ಹೊಳೆ ನೋಡುವುದು, ಮಂಡಕ್ಕಿಗೆ ಹಸಿಮೆಣಸಿನಕಾಯಿ ಕಚ್ಚಿಕೊಳ್ಳುವುದು, ಬಾಷಾ ತಪ್ಪು ರಾಗದಲ್ಲಿ ಹಾಡುವುದು. ಇಷ್ಟಕ್ಕೆ ವಾರವೆಲ್ಲ ಕಾಯುತ್ತಿದ್ದೆವು.

ಇನ್ನು ಆ ಕೊನೆ.

ಮಾವ ನನಗೆ ಗಾಡಿ ಓಡಿಸಲು ಕಲಿಸುತ್ತಿದ್ದ. ಲೈಸೆನ್ಸ್ ಇರಲಿಲ್ಲ. ನಮ್ಮ ಅಪ್ಪನಿಗೆ ಈ ಸಂಗತಿಯೇ ಗೊತ್ತಿರಲಿಲ್ಲ. ಒಂದು ಭಾನುವಾರ ಹರಿಹರದಿಂದ ವಾಪಸ್ ಬರುವಾಗ ನಾನು ಮುಂದೆ, ಮಾವ ಹಿಂದೆ. ಹಾಲಪ್ಪ, ಬಾಷಾ ಇಬ್ಬರೂ ತಿರುವು ದಾಟಿ ಮುಂದೆ ಹೋಗಿದ್ದರು. ಒಂದು ಎತ್ತಿನ ಗಾಡಿ ಕಂಡು ಇಳಿದು ಮೋಟಾರ್ ಸೈಕಲ್ ತಳ್ಳುತ್ತಿದ್ದಾಗ ಹಿಂದಿನಿಂದ ಬಸ್ಸು ಬಂತು. ಅದರ ಕಿಟಕಿಗಳಲ್ಲಿ ನನ್ನ ಹೈಸ್ಕೂಲಿನ ಗೆಳೆಯರು! ‘ತಳ್ಳೋ ತಳ್ಳೋ, ಸಂಜಿಕೆ ಊರು ಮುಟ್ತೀಯ’ ಎಂದು ಕೂಗಿ, ಸಿಳ್ಳೆ ಹಾಕಿ, ಧೂಳೆಬ್ಬಿಸಿ ಹೋದರು. ನನ್ನ ಕಿವಿ ಕಾದವು. ಹತ್ತು ಸಲ ಒದ್ದು ಚಾಲೂ ಮಾಡಿದೆ. ಬಸ್ಸನ್ನು ಹಿಡಿಯಲೇಬೇಕು ಎಂಬುದೊಂದೇ ತಲೆಯಲ್ಲಿ.

ಎದುರಿಗೆ ಮತ್ತೊಂದು ಎತ್ತಿನ ಗಾಡಿ ಬಂತು. ಮಾವ ನನ್ನ ಭುಜವನ್ನು ಎರಡು ಸಲ ತಟ್ಟಿದ. ನಿಲ್ಲಿಸು ಎಂದರ್ಥ. ತಟ್ಟಿದ್ದು ಗೊತ್ತಾಗಲಿಲ್ಲ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಗೊತ್ತಾಗಿತ್ತು. ನಾನು ಇನ್ನಷ್ಟು ಜೋರು ಮಾಡಿದೆ.

ಎತ್ತುಗಳು ಬೆದರಿ ಹೊಲದ ಕಡೆ ಹಾರಿದವು. ಗಾಡಿ ಗುಂಡಿಗೆ ಉರುಳಿತು. ಗಾಡಿಯವನು ತಿಪ್ಪಣ್ಣ, ಪಕ್ಕದ ಹಳ್ಳಿಯವನು. ಬಿದ್ದ ರಭಸಕ್ಕೆ ಬಲಗೈ ಮುರಿಯಿತು. ನನಗೆ ಬ್ರೇಕು ಹಿಡಿದು ನಿಂತದ್ದಷ್ಟೇ ನೆನಪು. ಮಾವ ಓಡಿಹೋಗಿ ಅವನನ್ನು ಎತ್ತಿ ಕೂರಿಸಿದ, ಎತ್ತುಗಳ ಕೊರಳಿನ ಹಗ್ಗ ಬಿಡಿಸಿದ. ಆಮೇಲೆ ವಾಪಸ್ ಬಂದು ನನ್ನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡ.

ಹೊಲಗಳಿಂದ ಜನ ಓಡಿ ಬಂದರು. ‘ಮೋಟಾರ್ ಹೊಡೀತಿದ್ದೋನು ಯಾವನು?’ ಎಂದು ಒಬ್ಬ ಹಿರಿಯ ಕೇಳಿದ.

‘ನಾನು’ ಎಂದ ಮಾವ.

ತಿಪ್ಪಣ್ಣ ಮುರಿದ ಕೈ ಹಿಡಿದುಕೊಂಡು ನನ್ನ ಮುಖ ನೋಡಿದ, ಮಾವನ ಮುಖ ನೋಡಿದ. ಆಮೇಲೆ ತನ್ನ ಎತ್ತುಗಳ ಕಡೆ ಮುಖ ತಿರುಗಿಸಿದ.

ಬಿದಿರ ದಬ್ಬೆ ಇಟ್ಟು ಅವನ ಕೈಗೆ ಕಟ್ಟು ಕಟ್ಟಿಸಿದ್ದಾಯಿತು. ಊರ ಹಿರಿಯರು ಕೂತು ತೀರ್ಮಾನ ಮಾಡಿದರು: ಕೈ ಕೂಡುವ ತನಕ ತಿಪ್ಪಣ್ಣನ ಗಾಡಿ ಇವನೇ ಹೊಡೆಯಬೇಕು. ಮಾವ ಒಪ್ಪಿಕೊಂಡ. ಮಿಲ್ಲಿನ ಮೊದಲ ಪಾಳಿ ಮುಗಿಸಿ, ಆ ಹಳ್ಳಿಗೆ ಹೋಗಿ, ಎತ್ತು ಹೂಡಿ ಹತ್ತಿ ಹೇರಿಕೊಂಡು ಬರುತ್ತಿದ್ದ. ದಾವಣಗೆರೆಯ ಪೇಟೆಗೆ ಪೇಟೆಯೇ ನಿಂತು ನೋಡಿತು. ಮೋಟಾರ್ ಸೈಕಲ್ಲಿನ ಫಿಟ್ಟರ್ ಎತ್ತಿನ ಗಾಡಿಯ ಮೇಲೆ! ಒಮ್ಮೆ ನಾವು ಮೂವರು ಎರಡು ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಅವನು ಎದುರಾದ. ಯಾರೂ ಹೇಳಲಿಲ್ಲ, ನಾವೇ ಎಂಜಿನ್ ನಿಲ್ಲಿಸಿ ಇಳಿದೆವು. ಮಾವ ಗಾಡಿಯ ಮೇಲಿನಿಂದ, ಗುರುತೇ ಇಲ್ಲದವರಿಗೆ ಹೇಳುವಂತೆ, ‘ಸ್ವಲ್ಪ ದೂರ ಹೋಗಿ ಚಾಲೂ ಮಾಡ್ರಪ್ಪ, ಇವಕ್ಕಿನ್ನೂ ಅಂಜಿಕೆ ಹೋಗಿಲ್ಲ’ ಎಂದ. ಹಾಲಪ್ಪ, ಬಾಷಾ ನಕ್ಕರು. ನನಗೆ ನಗಲಾಗಲಿಲ್ಲ.

ಮರುದಿನ ಅವನು ಮಿಲ್ಲಿನಿಂದ ಹೊರಗೆ ಬರುವುದನ್ನೇ ಕಾದು, ‘ಮಾವ, ಹೊಡೀತಿದ್ದೋನು ನಾನು ಅಂತ ಹೇಳಿಬಿಡ್ತೀನಿ’ ಎಂದೆ.

‘ಹೇಳುವಂತೆ. ಈಗ ಬ್ಯಾಡ. ಗೊತ್ತಾದ್ರೆ ನಿಮ್ಮಪ್ಪ ಇನ್ನು ಗಾಡಿ ಮುಟ್ಟಾಕ ಬಿಡಂಗಿಲ್ಲ, ಮೊದ್ಲು ನೀನು ಸರಿಯಾಗಿ ಕಲಿ. ಆಮೇಲೆ ಯಾವಾಗ ಬೇಕೋ ಅವಾಗ ಹೇಳು.’

ತಿಪ್ಪಣ್ಣನ ಕೈ ಕೂಡಿತು. ನಾನು ಗಾಡಿ ಕಲಿತೆ, ಲೈಸೆನ್ಸ್ ಬಂತು, ನೌಕರಿ ಬಂತು. ಹೇಳಲು ಈಗ ಏನು ಅಡ್ಡಿ? ಏನೂ ಇರಲಿಲ್ಲ. ಅಷ್ಟರಲ್ಲಿ ಒಂದು ಮದುವೆಯಲ್ಲಿ ಹಾಲಪ್ಪ ಈ ವಿಷಯ ಎತ್ತಿ ಎಲ್ಲರನ್ನೂ ನಗಿಸಿದ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು, ನೀನು ಹಿಂದೆ ಕೂತಿದ್ದೆಯಲ್ಲ, ನೀನು ಹೇಳು ಎಂದರು. ನಾನು ಹೇಳಿದೆ. ‘ಸಾವಿರ ಜೋಡಿ ಎತ್ತಿಗೆ ದಾರಿ ಬಿಟ್ಟವನು, ಸಾವಿರದ ಒಂದನೇ ಜೋಡಿಯನ್ನು ಗುಂಡಿಗೆ ಕೆಡವಿದ!’ ಚಪ್ಪರವೆಲ್ಲ ನಕ್ಕಿತು. ಆ ನಗು ನನಗೆ ರುಚಿಸಿತು. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ? ಮಾವ ಅದೇ ಸಾಲಿನಲ್ಲಿ ಕೂತಿದ್ದ. ಅವನೂ ನಕ್ಕ. ಆದರೆ ಕಥೆ ಮುಗಿದ ಮೇಲೂ ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತಿದ್ದ, ಇನ್ನೂ ಸ್ವಲ್ಪ ಉಳಿದಿದೆಯೇನೋ ಎಂಬಂತೆ. ಆಮೇಲೆ ಎಷ್ಟು ಸಲ ಹೇಳಿದೆನೋ ಅಷ್ಟು ಸಲವೂ ಹಾಗೇ ನೋಡಿದ. ಮಾವ ತೀರಿಕೊಂಡು ಮೂವತ್ತು ವರ್ಷವಾಯಿತು.

ಹೋದ ತಿಂಗಳು ನಿಜಲಿಂಗಪ್ಪ ಬಡಾವಣೆಯಲ್ಲಿರುವ ಅವನ ಮಗಳ ಮನೆಗೆ ಹೋಗಿದ್ದೆ. ಆ ಗಾಡಿ ಉರುಳಿದಾಗ ಅವಳು ತೊಟ್ಟಿಲಲ್ಲಿದ್ದ ಕೂಸು. ಈಗ ಅವಳ ಮೊಮ್ಮಗ ಮೋಟಾರ್ ಸೈಕಲ್ ಓಡಿಸುತ್ತಾನೆ. ಅವನೂ ಅವನ ಗೆಳೆಯರೂ ಎಲ್ಲಿಗೋ ಹೊರಟಿದ್ದವರು, ನನ್ನನ್ನು ಕಂಡು ಎತ್ತಿನ ಕಥೆ ಕೇಳಿಯೇ ಹೋಗುತ್ತೇವೆಂದು ಕೂತರು. ಶುರು ಮಾಡಿದೆ. ಅಂಗಿಗೆ ನಕ್ಕರು, ಮೇಕೆಗೆ ನಕ್ಕರು. ಗಾಡಿ ಉರುಳುವ ಜಾಗಕ್ಕೆ ಬಂದಾಗ ಮಾವನ ಮಗಳು ಏನೋ ಕೆಲಸ ನೆನಪಾದಂತೆ ಎದ್ದಳು. ಯಾವಾಗಲೂ ಆ ಜಾಗದಲ್ಲೇ ಅವಳು ಏಳುತ್ತಾಳೆ. ನಾನು ಅದನ್ನು ಎಷ್ಟೋ ವರ್ಷದಿಂದ ಗಮನಿಸಿದ್ದೆ, ಗಮನಿಸಿಯೂ ಹೇಳುತ್ತಿದ್ದೆ.

‘ಕುಂತ್ಕೋ ತಾಯಿ’ ಎಂದೆ. ‘ಇವತ್ತು ಕೊನೀದು ಕೇಳಿ ಹೋಗು.’

ಇಲ್ಲಿ ನಿಮಗೆ ಹೇಳಿದ್ದನ್ನೆಲ್ಲ ಹೇಳಿದೆ. ಹುಡುಗರು ನಗಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡರು. ಅವಳು ನನ್ನ ಕಡೆ ತಿರುಗಿದಳು.

‘ಕಾಲೇಜಿಗೆ ಹೋಗ್ತಿದ್ದಾಗ ಒಂದಿನ ಸಿಟ್ಟಿನಾಗೆ ಅಪ್ಪಗೆ ಅಂದಿದ್ದೆ ಭಾವ, ಎತ್ತು ಕೆಡವಿದೋನು ನೀನು, ನನಗೇನು ನೇಮ ಹೇಳ್ತೀಯ ಅಂತ.’

‘ಏನಂದ?’

‘ಉಣ್ಣು, ಆರ್ತೈತೆ ಅಂದ.’

ತಪ್ಪಾಯಿತು ತಾಯಿ ಎಂದೆ. ಆ ಮಾತು ನನ್ನ ಕಿವಿಗೇ ಬಹಳ ಸಣ್ಣದಾಗಿ ಕೇಳಿಸಿತು. ಅವಳು ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

‘ಜನ ಓಡಿ ಬಂದ್ರಲ್ಲ, ಯಾವನು ಅಂತ ಕೇಳಿದ್ರಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳು ಭಾವ’ ಎಂದಳು. ‘ನಿಧಾನಕ್ಕೆ ಹೇಳು.’

ಹೇಳಿದೆ.