ಅಸ್ಸೀರಿಯಾದ ಕತ್ತಿಗೆ ಹುಣಸೆಹಣ್ಣು

ಮೂರು ಸಾವಿರ ವರ್ಷ ಹಳೆಯ ಕತ್ತಿಯನ್ನು ತಿಕ್ಕಿ ತೊಳೆಯಲು ಹೊರಟವರು ನಿಮ್ಮ ಬಂಧುಬಳಗದಲ್ಲಿ ಯಾರಾದರೂ ಇದ್ದಾರೆಯೇ? ನನ್ನ ಬಳಗದಲ್ಲಿದ್ದಾರೆ. ನನ್ನ ಚಿಕ್ಕಮ್ಮ!

ಉಡುಪಿಯಿಂದ ಡಚ್ಚರ ನಾಡಿನ ವೆಲ್ಡ್‌ಹೋವನ್‌ ಊರಿನ ನಮ್ಮ ಮನೆಗೆ ಬರುವಾಗ ಅವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹುಣಸೆಹಣ್ಣೇ ಹೆಚ್ಚಿತ್ತು. ಸಾರಿಗಲ್ಲ, ಪಾತ್ರೆ ಬೆಳಗಲಿಕ್ಕೆ. ಹಿತ್ತಾಳೆ, ತಾಮ್ರ, ಕಂಚು ಯಾವುದು ಮಂಕಾಗಿ ಕಂಡರೂ ಅವರ ಕೈ ಸುಮ್ಮನಿರದು. ಬಂದ ವಾರವೇ ಪಕ್ಕದ ಮನೆಯ ಡಚ್ ಅಜ್ಜಿ ತೋಟದಲ್ಲಿಟ್ಟಿದ್ದ ಕಂಚಿನ ಕಪ್ಪೆಯ ಹಸಿರನ್ನೆಲ್ಲ ತಿಕ್ಕಿ ತೆಗೆದರು. ಅಜ್ಜಿ ಆ ಹಸಿರಿಗಾಗಿಯೇ ಅದನ್ನು ಕೊಂಡಿದ್ದರಂತೆ! ಕ್ಷಮೆ ಕೇಳಲು ಹೋದ ನನ್ನ ಹಿಂದೆ ನಿಂತು ಚಿಕ್ಕಮ್ಮ, “ಥ್ಯಾಂಕ್ಸ್ ಎಲ್ಲ ಬೇಡ ಅಂತ ಹೇಳು” ಎಂದರು.

ನನ್ನ ಭಯವೇ ಬೇರೆ. ದೇವರ ಮೂಲೆಯಲ್ಲಿ ಅಮ್ಮನ ಕಂಚಿನ ಗಿಂಡಿ ಇದೆ. ಅಮ್ಮ ತೀರಿಕೊಂಡ ಮೇಲೆ ಅದನ್ನು ನಾನು ತೊಳೆದಿಲ್ಲ. ಅವಳ ಕೈ ತಾಗಿದ್ದು ಹೋಗಿಬಿಡುತ್ತದೇನೋ ಎಂದು. ಬಾಯಿಬಿಟ್ಟು ಹೇಳಲು ಸಂಕೋಚ. ಚಿಕ್ಕಮ್ಮನೋ ದಿನಾ, “ಅಕ್ಕನ ಗಿಂಡಿಯ ಅವಸ್ಥೆ ನೋಡು!” ಎನ್ನುತ್ತಿದ್ದರು. ಗಮನ ಬೇರೆಡೆ ಸೆಳೆಯೋಣವೆಂದು ಶನಿವಾರ ಲೈಡನ್‌ನ ಒಂದು ಮ್ಯೂಸಿಯಮ್ಮಿಗೆ ಕರೆದೊಯ್ದೆ.

ಹೋಗಿ ನಿಂತದ್ದೆಲ್ಲಿ? ಅಸ್ಸೀರಿಯಾದ ಕಂಚಿನ ಕತ್ತಿಯ ಮುಂದೆ! ಗಾಜಿನ ಪೆಟ್ಟಿಗೆಯೊಳಗೆ ಮೈಯೆಲ್ಲ ಹಸಿರು ಕಿಲುಬು ಹಿಡಿದಿತ್ತು.

“ಎಂತ ಮಾರಾಯ್ತಿ ಇದು! ಯುದ್ಧಕ್ಕೆ ಹೋದವನಿಗೆ ಪುರುಸೊತ್ತಿರ್ಲಿಲ್ಲ, ಸರಿ. ಇವರಿಗೆ ಎಂತ ಧಾಡಿ?” ಎಂದವರೇ ಚೀಲದಿಂದ ಹುಣಸೆಹಣ್ಣಿನ ಉಂಡೆ ತೆಗೆದರು. “ಗಾಜು ತೆಗೀಲಿಕ್ಕೆ ಹೇಳು. ಹತ್ತು ನಿಮಿಷದ ಕೆಲಸ.”

ಕಾವಲಿನ ಹುಡುಗಿ ಓಡಿ ಬಂದಳು. ವಿಷಯ ತಿಳಿಸಿದೆ. ಅವಳು ನಗುತ್ತಾ ಹೇಳಿದ್ದನ್ನು ಚಿಕ್ಕಮ್ಮನಿಗೆ ಕನ್ನಡದಲ್ಲಿ ಹೇಳಿದೆ: “ಕಿಲುಬು ತಿಕ್ಕಿದ್ರೆ ಅದರ ಜೊತೆ ಕತ್ತಿ ಹಿಡಿದವರ ಗುರುತೂ ಹೋಗ್ತದಂತೆ, ಚಿಕ್ಕಮ್ಮ. ಅದಕ್ಕೇ ಹಾಗೇ ಇಟ್ಟಿದ್ದಾರಂತೆ.”

ಉಂಡೆ ಚೀಲಕ್ಕೆ ಮರಳಿತು. ರೈಲಿನಲ್ಲಿ ಮಾತೇ ಇಲ್ಲ. ಚಿಕ್ಕಮ್ಮ ಸುಮ್ಮನಾದರೆ ಮಳೆ ಬರುತ್ತದೆ ಎಂಬುದು ನಮ್ಮ ಮನೆಯವರ ನಂಬಿಕೆ. ಇಲ್ಲಿ ಅದನ್ನು ಪರೀಕ್ಷಿಸುವಂತಿಲ್ಲ, ಹೇಗೂ ಬರುತ್ತದೆ.

ಮರುದಿನ ಏಳುವಾಗ ಅಡುಗೆಮನೆಯಲ್ಲಿ ತಿಕ್ಕುವ ಸದ್ದು. ಗಿಂಡಿ! ಓಡಿ ಹೋದೆ. ದೀಪ, ಗಂಟೆ, ಆರತಿ ತಟ್ಟೆ ಎಲ್ಲ ಫಳಫಳ! ಗಿಂಡಿ ಮಾತ್ರ ತನ್ನ ಜಾಗದಲ್ಲಿ ಮಂಕಾಗಿಯೇ ಇತ್ತು.

“ಅದನ್ನು ಮುಟ್ಲಿಲ್ಲ” ಎಂದರು ಚಿಕ್ಕಮ್ಮ, ತಿರುಗಿ ನೋಡದೆ. “ಅಕ್ಕನಿಗೆ ಸರಿ ಬೆಳಗ್ಲಿಕ್ಕೆ ಯಾವಾಗ್ಲೂ ಬರ್ತಿರ್ಲಿಲ್ಲ. ಅವಳು ಬೆಳಗಿದ ಹಾಗೇ ಇರ್ಲಿ.”

ನನಗೆ ಅಳು ತಡೆಯಲಾಗಲಿಲ್ಲ. ಚಿಕ್ಕಮ್ಮ ಅದೇ ಹುಣಸೆಹುಳಿಯ ಕೈಯಲ್ಲಿ ನನ್ನ ಕಣ್ಣೊರೆಸಿದರು. ಉರಿಗೆ ಮತ್ತಷ್ಟು ಅತ್ತೆ.